ತಮ್ಮನ ಆಸ್ಪತ್ರೆ ಬಿಲ್ಲು ದಿನದಿನಕ್ಕೂ ಏರುತ್ತಿದೆ. ಹಣವನ್ನು ಯಾರ ಬಳಿ, ಹೇಗೆ ಕೇಳುವುದು?

ಪ್ರಶ್ನೆ: ಅರಸೀಕೆರೆ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 32 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಾನೆ. ಹೋದ ತಿಂಗಳು ಭೇದಿಯಾಗಿ ಸುಧಾರಿಸಿಕೊಂಡಿದ್ದ. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಲು ಹೋದರೆ ಕಾಲು ಮಾತು ಕೇಳಲಿಲ್ಲ. ಮರುದಿನ ಸಂಜೆಗೆ ಕಾಫಿ ಲೋಟ ಹಿಡಿಯಲಾಗಲಿಲ್ಲ, ಮೂರನೆಯ ದಿನ ಉಸಿರಾಟವೇ ಸೋತು ವೆಂಟಿಲೇಟರ್ ಹಾಕಬೇಕಾಯಿತು. ನರಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವ ಗಿಲನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂದು ವೈದ್ಯರು ಹೇಳಿದ್ದಾರೆ.

ಆಗ ಹತ್ತಿರವಿದ್ದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಇಂದಿಗೆ 17 ದಿನ. ಮೊದಲ ಐದು ದಿನ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿಯ 24 ವಯಲ್ ಕೊಟ್ಟರು. ಅದಕ್ಕೇ ₹3,72,000 ಆಯಿತು. ನಿನ್ನೆಯವರೆಗಿನ ಒಟ್ಟು ಬಿಲ್ಲು ₹11,40,000. ಅವನ ಮದುವೆಗೆಂದು ಕೂಡಿಟ್ಟಿದ್ದ ಹಣ, ನನ್ನ ಉಳಿತಾಯ, ಅಮ್ಮನ ಎರಡೆಳೆ ಸರ ಮತ್ತು ಬಳೆ ಗಿರವಿ ಇಟ್ಟು ತಂದದ್ದು, ಎಲ್ಲ ಸೇರಿ ₹7,25,000 ಕಟ್ಟಿದ್ದೇವೆ. ದಿನ ಬೆಳಗಾದರೆ ಬಿಲ್ಲಿಂಗ್ ಕೌಂಟರಿನಿಂದ ಫೋನು ಬರುತ್ತದೆ. ನಿರೀಕ್ಷಿಸಿದಷ್ಟು ಚೇತರಿಕೆ ಕಾಣದಿದ್ದರೆ ಇನ್ನೊಂದು ಸುತ್ತು ಅದೇ ಔಷಧಿ ಬೇಕಾಗಬಹುದು ಎಂಬ ಮಾತೂ ಮೊನ್ನೆ ಬಂದಿದೆ. ನಮ್ಮದು ಬಿಪಿಎಲ್ ಕಾರ್ಡು, ಆದರೆ ಸರ್ಕಾರದ ಯೋಜನೆ ಈ ಆಸ್ಪತ್ರೆಯಲ್ಲಿ ಇಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟರು.

ಅಂತರ್ಜಾಲದಲ್ಲಿ ದೇಣಿಗೆ ಎತ್ತುವ ವೇದಿಕೆಗಳಲ್ಲಿ ಹಾಕೋಣ ಎಂದು ಚಿಕ್ಕಪ್ಪನ ಮಗ ಒತ್ತಾಯಿಸುತ್ತಿದ್ದಾನೆ. ಅಮ್ಮ ಒಪ್ಪುತ್ತಿಲ್ಲ. "ಗಂಟಲಿಗೆ ಕೊಳವೆ ಹಾಕಿಸಿಕೊಂಡು ಮಲಗಿರುವ ಮಗನ ಫೋಟೋವನ್ನು ಊರಿಗೆಲ್ಲ ಹಂಚಬೇಡ, ಬೇಕಿದ್ದರೆ ತೋಟ ಮಾರೋಣ" ಎನ್ನುತ್ತಾರೆ. ತಂದೆಯವರು ಬಿಟ್ಟುಹೋದ ಒಂದೂವರೆ ಎಕರೆ ತೆಂಗಿನ ತೋಟ ಬಿಟ್ಟರೆ ನಮಗೆ ಬೇರೆ ಆಸ್ತಿಯಿಲ್ಲ. ಇಂಥ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ: ಮೊದಲು ಯಾವ ಬಾಗಿಲು ತಟ್ಟಬೇಕು, ಹಣ ಕೇಳುವುದಾದರೆ ಹೇಗೆ ಕೇಳಬೇಕು?

ಉತ್ತರ 1: ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಬೆಂಗಳೂರು

ಅಕ್ಕ, ಹಣ ಎತ್ತುವ ಮಾತಿಗೆ ಆಮೇಲೆ ಬರೋಣ. ತಳ ತೂತಾದ ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ. ಇಪ್ಪತ್ತು ವರ್ಷದಿಂದ ರೋಗಿಗಳ ಮನೆಯವರ ಜೊತೆ ಕುಳಿತು ಲೆಕ್ಕ ಹಾಕುತ್ತ ಬಂದಿರುವ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ತಮ್ಮನ ಸಂಬಳದ ಚೀಟಿಯಲ್ಲಿ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಎಂದು ಹಣ ಕಡಿತವಾಗುತ್ತಿದೆಯೇ? ತಿಂಗಳ ಸಂಬಳ ₹21,000ದ ಒಳಗಿದ್ದು, ಕಾರ್ಖಾನೆಯಲ್ಲಿ ಹತ್ತು ಅಥವಾ ಹೆಚ್ಚು ಜನ ಕೆಲಸಗಾರರಿದ್ದರೆ ಆತ ಇಎಸ್‌ಐ ವಿಮೆಗೆ ಒಳಪಟ್ಟಿರಲೇಬೇಕು. ಕೆಲಸಗಾರನಿಂದ ಸಂಬಳದ ಶೇ. 0.75 ಮತ್ತು ಮಾಲೀಕರಿಂದ ಶೇ. 3.25 ಜಮಾ ಆಗುತ್ತದೆ. ತಿಂಗಳಿಗೆ ನೂರೈವತ್ತು ರೂಪಾಯಿಯ ಆಸುಪಾಸಿನ ಈ ಕಡಿತವನ್ನು ಹೆಚ್ಚಿನ ಹುಡುಗರು ಗಮನಿಸುವುದೇ ಇಲ್ಲ, ಮನೆಯವರಿಗಂತೂ ಗೊತ್ತೇ ಇರುವುದಿಲ್ಲ. ವಿಮೆ ಇದ್ದರೆ ಇಎಸ್‌ಐ ಆಸ್ಪತ್ರೆಯಲ್ಲಿ, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಅವರು ಶಿಫಾರಸು ಮಾಡುವ ಒಪ್ಪಂದದ ಆಸ್ಪತ್ರೆಯಲ್ಲಿ, ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಮುಂದುವರಿಸಬಹುದು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಅನಾರೋಗ್ಯ ಭತ್ಯೆಯೂ ಸಿಗುತ್ತದೆ. ತುರ್ತು ಸ್ಥಿತಿಯಲ್ಲಿ ಹೊರಗಿನ ಆಸ್ಪತ್ರೆಗೆ ಕಟ್ಟಿದ ಹಣದ ಒಂದು ಭಾಗವನ್ನು ನಿಯಮಕ್ಕೊಳಪಟ್ಟು ಮರಳಿ ಪಡೆಯುವ ಅವಕಾಶವೂ ಉಂಟು, ಆದರೆ ಖಾಸಗಿ ಆಸ್ಪತ್ರೆಯ ದರದಲ್ಲಲ್ಲ. ಆದ್ದರಿಂದ ನಾಳೆಯೇ ಕಾರ್ಖಾನೆಗೆ ಹೋಗಿ ವಿಮಾ ಸಂಖ್ಯೆ ಕೇಳಿ, ಇಎಸ್‌ಐ ಶಾಖಾ ಕಚೇರಿಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡನೆಯದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಯೋಜನೆಯಲ್ಲಿ ನೋಂದಾಯಿಸಿಕೊಂಡ ಆಸ್ಪತ್ರೆಗಳಲ್ಲಿ ಮಾತ್ರ. ನೋಂದಣಿಯಿಲ್ಲದ ಕಡೆ ಹಣ ಕಟ್ಟಿ ಆಮೇಲೆ ಬಿಲ್ಲು ಹಿಡಿದುಕೊಂಡು ಹೋದರೆ ಈ ಯೋಜನೆಯಲ್ಲಿ ಕೊಡುವುದಿಲ್ಲ. ಎಷ್ಟೋ ಜನ ಇಲ್ಲಿಯೇ ಎಡವುತ್ತಾರೆ. ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ, ಇಲ್ಲವೇ ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಆರೋಗ್ಯ ಮಿತ್ರ ಕೌಂಟರಿನಲ್ಲಿ ರೋಗದ ಹೆಸರು ಬರೆದುಕೊಂಡು ಹೋಗಿ ವಿಚಾರಿಸಿ. ಇಎಸ್‌ಐ ಇದ್ದರೆ ಅದನ್ನೂ ಹೇಳಿ. ಯಾವುದು ಅನ್ವಯಿಸುತ್ತದೆ ಎಂಬುದನ್ನು ಅವರೇ ನೋಡುತ್ತಾರೆ.

ಮೂರನೆಯದು ಸ್ಥಳಾಂತರ. ಜಿಬಿಎಸ್ ರೋಗಿಗಳನ್ನು ನಿರಂತರವಾಗಿ ನೋಡುತ್ತಿರುವ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ದುಬಾರಿ ಇಮ್ಯುನೋಗ್ಲೋಬ್ಯುಲಿನ್‌ಗೆ ಬದಲಾಗಿ ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆಯೂ ಅಷ್ಟೇ ಪರಿಣಾಮಕಾರಿ ಎಂಬುದು ಬಹಳ ಹಿಂದೆಯೇ ಸಾಬೀತಾಗಿದೆ, ಅಲ್ಲಿ ಅದನ್ನು ಮಾಡುತ್ತಾರೆ. ನಿಮ್ಮ ತಮ್ಮನಿಗೆ ಆ ಘಟ್ಟ ದಾಟಿದೆ. ಇನ್ನು ಬೇಕಾಗಿರುವುದು ಉಸಿರಾಟದ ಆಸರೆ, ಸೋಂಕಾಗದಂತೆ ಎಚ್ಚರ, ಫಿಸಿಯೋಥೆರಪಿ ಮತ್ತು ಕಾಲ. ಇವುಗಳಿಗೆ ದಿನಕ್ಕೆ ನಲವತ್ತು ಸಾವಿರ ತೆರಬೇಕಾದ ಕಡೆಯೇ ಇರಬೇಕೆಂದಿಲ್ಲ. ಆದರೆ ವೆಂಟಿಲೇಟರ್ ಹಾಸಿಗೆ ಖಾಲಿ ಇದೆಯೇ ಎಂದು ವೈದ್ಯರಿಂದ ವೈದ್ಯರಿಗೆ ಮಾತಾಡಿಸಿ ಖಚಿತಪಡಿಸಿಕೊಳ್ಳದೆ ಆಂಬುಲೆನ್ಸ್ ಹತ್ತಿಸಬೇಡಿ. ಹಾಸಿಗೆಯಿಲ್ಲದೆ ರೋಗಿ ಆಂಬುಲೆನ್ಸಿನಲ್ಲೇ ಕಾದದ್ದನ್ನು ನಾನು ಕಂಡಿದ್ದೇನೆ.

ಎರಡನೆಯ ಸುತ್ತಿನ ಔಷಧಿಯ ಬಗ್ಗೆ: ನಾನು ವೈದ್ಯೆಯಲ್ಲ, ನಿರ್ಧಾರ ವೈದ್ಯರದು. ಆದರೂ ನರರೋಗ ತಜ್ಞರನ್ನು ವಿನಯದಿಂದ ಒಂದು ಮಾತು ಕೇಳಿ. ತೀವ್ರವಾಗಿ ಬಾಧಿತರಾದ ರೋಗಿಗಳಿಗೆ ಎರಡನೆಯ ಸುತ್ತು ಕೊಟ್ಟು ನೋಡಿದ ನೆದರ್ಲೆಂಡ್ಸ್‌ನ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲ, ಗಂಭೀರ ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. "ನಮ್ಮ ಹುಡುಗನ ವಿಷಯದಲ್ಲಿ ಇದು ಹೇಗೆ ಬೇರೆ?" ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಒಳ್ಳೆಯ ಉತ್ತರ ಸಿಗಲೂಬಹುದು. ಸಿಗದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯದೆ ಆ ಮೂರೂಮುಕ್ಕಾಲು ಲಕ್ಷಕ್ಕಾಗಿ ಓಡಾಡಬೇಡಿ.

ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಈವರೆಗಿನ ವಿವರವಾದ ಬಿಲ್ಲು, ಚಿಕಿತ್ಸೆಯ ಸಾರಾಂಶ, ಮುಂದಿನ ಎರಡು ವಾರಗಳ ಅಂದಾಜು ವೆಚ್ಚದ ಪತ್ರ, ಈ ಮೂರನ್ನೂ ಸಹಿ ಮತ್ತು ಮೊಹರಿನೊಂದಿಗೆ ಪಡೆಯಿರಿ. ಸಹಾಯ ಕೋರಿ ಎಲ್ಲಿಗೇ ಹೋದರೂ ಇವನ್ನೇ ಕೇಳುತ್ತಾರೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಶಾಸಕರ ಪತ್ರದೊಂದಿಗೆ ಅರ್ಜಿ ಸಲ್ಲಿಸಬಹುದು. ಅಲ್ಲಿ ಮೂಲ ಬಿಲ್ಲುಗಳೇ ಬೇಕಾಗುವುದರಿಂದ ಒಂದು ಚೀಟಿಯನ್ನೂ ಕಳೆಯಬೇಡಿ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯ ರೀತಿ ಬೇರೆ. ಈಗಾಗಲೇ ಖರ್ಚಾದ ಹಣವನ್ನು ಅವರು ಕೊಡುವುದಿಲ್ಲ, ಮುಂದಿನ ಚಿಕಿತ್ಸೆಗೆ ಮಂಜೂರಾದದ್ದನ್ನು ನೇರವಾಗಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಆದ್ದರಿಂದ ಆ ಅರ್ಜಿ ತಡವಾದಷ್ಟೂ ನಷ್ಟ.

ಉತ್ತರ 2: ಕಲ್ಪತರು ನಾಡಿನವನು

ಮೇಡಂ ಹೇಳಿದ್ದನ್ನೆಲ್ಲ ಮಾಡಿದ ಮೇಲೂ ಒಂದಷ್ಟು ಹಣ ಕೂಡಿಸಲೇಬೇಕಾಗುತ್ತದೆ ಎಂಬುದು ನನ್ನ ಅನುಭವ. ಮೂರು ವರ್ಷಗಳ ಹಿಂದೆ ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ನಾನೂ ನಿಮ್ಮ ತಾಯಿಯವರಂತೆಯೇ ಹಿಂಜರಿದಿದ್ದೆ. ಹಿಂಜರಿದ ಐದು ವಾರಗಳಲ್ಲಿ ತಿಂಗಳಿಗೆ ನೂರಕ್ಕೆ ಐದರಂತೆ ಕೈಸಾಲ ಮಾಡಿದೆ. ಆ ಬಡ್ಡಿ ಕಟ್ಟಿ ಮುಗಿದದ್ದು ಹೋದ ಯುಗಾದಿಗೆ.

ನಾನು ಬರೆದ ಮೊದಲ ಸಂದೇಶ ಎಲ್ಲರೂ ಬರೆಯುವಂಥದ್ದೇ: "ದಯಮಾಡಿ ಕೈಲಾದಷ್ಟು ಸಹಾಯ ಮಾಡಿ." ಕೈಲಾದಷ್ಟು ಎಂದರೆ ಎಷ್ಟು ಎಂದು ಓದಿದವರಿಗೆ ತಿಳಿಯುವುದಿಲ್ಲ, ನೂರು ಕೊಟ್ಟರೆ ಕಡಿಮೆಯಾದೀತು ಎಂದು ನೂರು ಕೊಡಬಲ್ಲವರೂ ಸುಮ್ಮನಾಗುತ್ತಾರೆ. ಎರಡನೆಯ ಸಲ ಬರೆದದ್ದು ಹೀಗೆ: "ಬರುವ ಭಾನುವಾರದೊಳಗೆ ಎರಡನೆಯ ಹಂತದ ಔಷಧಿಗೆ ₹86,000 ಬೇಕು. ₹31,000 ನಮ್ಮಲ್ಲಿದೆ. ₹200 ಕೊಟ್ಟರೂ ಲೆಕ್ಕಕ್ಕೆ ಬರುತ್ತದೆ. ಅಂದಾಜು ಪತ್ರ ಲಗತ್ತಿಸಿದೆ." ಶುಕ್ರವಾರ ಸಂಜೆಗೆ ಆ ಮೊತ್ತ ತುಂಬಿತು. ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನನಗೆ ಮುಖಪರಿಚಯವಷ್ಟೇ ಇದ್ದವರು. ಯಾರನ್ನು ನಂಬಿ ಪಟ್ಟಿ ಬರೆದಿದ್ದೆನೋ ಅವರಲ್ಲಿ ಕೆಲವರು ಫೋನು ಎತ್ತಲೇ ಇಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರವರ ಮನೆಯ ಕಷ್ಟ ಅವರವರಿಗೆ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇಡುತ್ತಾರಲ್ಲ, ಅದೇ ರೀತಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ತಂದೆ. ಎಡ ಪುಟದಲ್ಲಿ ಬಂದದ್ದು, ಬಲ ಪುಟದಲ್ಲಿ ಹೋದದ್ದು. ಪ್ರತಿ ಶನಿವಾರ ರಾತ್ರಿ ಆ ಎರಡು ಪುಟಗಳ ಫೋಟೋ ತೆಗೆದು, ಹೆಸರು ಬೇಡವೆಂದವರ ಹೆಸರಿನ ಮೇಲೆ ಬೆರಳಿಟ್ಟು ಮರೆಮಾಡಿ, ಗುಂಪಿಗೆ ಕಳುಹಿಸುತ್ತಿದ್ದೆ. ಎರಡನೆಯ ಸಲ ಕೊಟ್ಟವರೆಲ್ಲ ಆ ಪುಟ ನೋಡಿ ಕೊಟ್ಟವರು. ಮುಯ್ಯಿಯಲ್ಲಿ ಪಡೆದದ್ದನ್ನು ಒಂದು ದಿನ ತಿರುಗಿ ಹಾಕಲೇಬೇಕು. ಅಮ್ಮನವರಿಗೆ ಇದನ್ನು ಹೇಳಿ ನೋಡಿ. ಭಿಕ್ಷೆ ಎಂಬ ಭಾವನೆ ಸ್ವಲ್ಪ ಕಡಿಮೆಯಾದೀತು.

ಅಂತರ್ಜಾಲದ ವೇದಿಕೆಗಳ ವಿಷಯ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಮಿಲಾಪ್, ಮುಂಬೈಯ ಕೆಟ್ಟೊ, ಇಂಪ್ಯಾಕ್ಟ್‌ಗುರು ಮೊದಲಾದವು ಇವೆ. ನಾನು ಬಳಸಿದ್ದು ಯಾವುದೆಂದು ಹೇಳುವುದಿಲ್ಲ, ಆದರೆ ಒಪ್ಪುವ ಮುನ್ನ ಮೂರು ಸಂಗತಿಗಳನ್ನು ಇಮೇಲಿನಲ್ಲೇ ಕೇಳಿಕೊಳ್ಳದೆ ಪೆಟ್ಟು ತಿಂದೆ: ವೇದಿಕೆಯ ಶುಲ್ಕ ಎಷ್ಟು, ಹಣ ಪಾವತಿಯ ಶುಲ್ಕವೂ ಜಿಎಸ್‌ಟಿಯೂ ಬೇರೆಯೇ, ಜಾಹೀರಾತು ಕೊಟ್ಟು ಪ್ರಚಾರ ಮಾಡಿದರೆ ಎಷ್ಟು ಮುರಿದುಕೊಳ್ಳುತ್ತಾರೆ. ಕೊಡುವವರ ಪರದೆಯಲ್ಲಿ ವೇದಿಕೆಗೆಂದು "ಟಿಪ್" ಮೊದಲೇ ತುಂಬಿಟ್ಟಿದ್ದರೆ ಅದನ್ನು ತೆಗೆಯಬಹುದೆಂದು ನಿಮ್ಮ ಜನಕ್ಕೆ ತಿಳಿಸಿ. ಹಣ ಆಸ್ಪತ್ರೆಯ ಖಾತೆಗೇ ನೇರವಾಗಿ ಹೋಗುವಂತೆ ಮಾಡಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಕೊಡುವವರಿಗೂ ನಂಬಿಕೆ, ನಿಮಗೂ ತಲೆನೋವಿಲ್ಲ. ಆಸ್ಪತ್ರೆಗಳಿಗೆ ಯುಪಿಐ ಮೂಲಕ ಒಮ್ಮೆಗೆ ₹5 ಲಕ್ಷದವರೆಗೆ ಪಾವತಿಸಲು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲೇ ಅವಕಾಶ ಪ್ರಕಟಿಸಿದೆ. ಸ್ವಂತ ಖಾತೆಗೆ ಪಡೆಯುವುದಾದರೆ ಆಡಿಟರ್ ಒಬ್ಬರನ್ನು ಮೊದಲೇ ಕೇಳಿ, ಏಕೆಂದರೆ ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು ₹50,000 ಮೀರಿ ಬಂದರೆ ಆ ಪೂರ್ತಿ ಹಣವನ್ನು ಆದಾಯ ತೆರಿಗೆಯವರು ಆದಾಯವೆಂದು ಎಣಿಸುತ್ತಾರೆ.

ವಿದೇಶದ ಹಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುವ ಸ್ನೇಹಿತ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವ ಪಡೆದ ನನ್ನ ದೊಡ್ಡಪ್ಪನ ಮಗ, ಎಷ್ಟೇ ಕನ್ನಡ ಮಾತಾಡಿದರೂ, ವಿದೇಶಿ ದೇಣಿಗೆ ಕಾನೂನಿನ ಪ್ರಕಾರ ವಿದೇಶಿ ಮೂಲವೇ. ಹತ್ತಿರದ ಸಂಬಂಧಿಗಳಿಗೆ ವಿನಾಯಿತಿ ಇದೆಯಾದರೂ ದೊಡ್ಡಪ್ಪನ ಮಗ ಆ ಪಟ್ಟಿಯಲ್ಲಿ ಬರುವುದಿಲ್ಲ. ಅಂಥವರು ನೇರವಾಗಿ ನಿಮ್ಮ ಖಾತೆಗೆ ಹಾಕುವುದು ಬೇಡ.

ಇನ್ನು ಫೋಟೋ. ನಾವು ಕ್ಯೂಆರ್ ಕೋಡ್ ಇದ್ದ ಚಿತ್ರ ಹಂಚಿದ ಎರಡೇ ದಿನಕ್ಕೆ ಯಾರೋ ನನ್ನ ಹೆಂಡತಿಯ ಚಿತ್ರ ಉಳಿಸಿಕೊಂಡು ಕೋಡನ್ನು ಮಾತ್ರ ಬದಲಿಸಿ ಹರಿಯಬಿಟ್ಟರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಹೋದದ್ದು ಎಷ್ಟೆಂದು ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಆದ್ದರಿಂದ ಖಾತೆಯ ಹೆಸರನ್ನು ಅಕ್ಷರದಲ್ಲಿ ಬರೆಯಿರಿ, "ಹಣ ಹಾಕುವ ಮೊದಲು ಈ ಹೆಸರು ಬಂದಿದೆಯೇ ನೋಡಿ" ಎಂದು ಸೇರಿಸಿ. ರೋಗಿಯ ಕೊಳವೆ ಹಾಕಿದ ಚಿತ್ರ ಬೇಕಾಗಿಯೇ ಇಲ್ಲ. ವೇದಿಕೆಯವರು ಕೇಳುತ್ತಾರೆ, ಕೊಡಲೇಬೇಕೆಂಬ ಕಡ್ಡಾಯವೇನೂ ನಮಗಿರಲಿಲ್ಲ.

ಉತ್ತರ 3: ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ತಂಗೀ, ತೋಟದ ವಿಚಾರಕ್ಕಷ್ಟೇ ಬರೆಯುತ್ತೇನೆ. ತಂದೆಯವರು ತೀರಿಹೋದ ಮೇಲೆ ಪೌತಿ ಖಾತೆ ಆಗಿದೆಯೇ? ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದ್ದರೆ ಮೊದಲು ಅದು ವಾರಸುದಾರರ ಹೆಸರಿಗೆ ಬರಬೇಕು. ಬಂದ ಮೇಲೂ ಮಾರಾಟದ ಪತ್ರಕ್ಕೆ ಎಲ್ಲ ವಾರಸುದಾರರ ಸಹಿ ಬೇಕು. ನಿಮ್ಮ ತಮ್ಮ ವೆಂಟಿಲೇಟರಿನ ಮೇಲಿದ್ದಾನೆ, ಬೆರಳು ಅಲುಗುತ್ತಿಲ್ಲ. ಅವನ ಸಹಿ ಎಲ್ಲಿಂದ ತರುತ್ತೀರಿ? ಅಂದರೆ ತೋಟ ಮಾರಿ ಬಿಲ್ಲು ಕಟ್ಟುವ ದಾರಿ ಈ ತಿಂಗಳಲ್ಲಿ ಇಲ್ಲವೇ ಇಲ್ಲ. ಇಂಥ ಹೊತ್ತಿನಲ್ಲಿ "ಸಹಿ ಆಮೇಲೆ ಹಾಕಿಸೋಣ, ಈಗ ಕರಾರು ಮಾಡಿಕೊಂಡು ಮುಂಗಡ ತಗೊಳ್ಳಿ" ಎಂದು ಬರುವವರಿಗೆ ನಿಮ್ಮ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ. ಅರ್ಧ ಬೆಲೆಗೆ ಕೇಳುತ್ತಾರೆ.

ಅಮ್ಮನ ಒಡವೆ ಎಲ್ಲಿ ಇಟ್ಟಿದ್ದೀರಿ ಎಂದು ಬರೆದಿಲ್ಲ. ಗಿರವಿ ಅಂಗಡಿಯಲ್ಲಿದ್ದರೆ ಬಿಡಿಸಿ ಸಹಕಾರಿ ಸಂಘ ಅಥವಾ ಬ್ಯಾಂಕಿಗೆ ವರ್ಗಾಯಿಸುವುದರಿಂದಲೇ ಬಡ್ಡಿ ಎಷ್ಟೋ ಇಳಿಯುತ್ತದೆ. ತಮ್ಮನಿಗೆ ಪಿಎಫ್ ಇದ್ದರೆ ಚಿಕಿತ್ಸೆಗೆಂದು ಅದರಿಂದಲೂ ಹಣ ತೆಗೆಯಲು ಅವಕಾಶವಿದೆ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿರಿ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂದರೆ ಪರಿಸ್ಥಿತಿ ಹೇಗಿದೆ ನೋಡಿರಿ. ಹಾಗೆಯೇ ಆಸ್ಪತ್ರೆಗೆ ₹2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಕಟ್ಟಲು ಹೋಗಬೇಡಿರಿ. ಹಾಗೆ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಬ್ಯಾಂಕಿನ ಮೂಲಕ ಕಟ್ಟಿದರೆ ನಿಮಗೂ ಮುಂದೆ ಲೆಕ್ಕ ತೋರಿಸುವುದು ಸುಲಭವಾಗುತ್ತದೆ.

ಉತ್ತರ 4: ಉಡುಪಿ ಕಡೆಯವ

ಕೇಳಲು ನಾಚಿಕೆ ಎನ್ನುವ ತಾಯಿಯವರಿಗೆ ನಮ್ಮೂರಿನ ಒಂದು ಸಂಗತಿ ಹೇಳಬೇಕು. ಕಟಪಾಡಿಯ ರವಿ ಕಟಪಾಡಿಯವರು ಕಟ್ಟಡ ಕೆಲಸದ ಕೂಲಿ ಕಾರ್ಮಿಕರು. ಕೃಷ್ಣ ಜನ್ಮಾಷ್ಟಮಿಯ ಸಮಯದಲ್ಲಿ ಮೈಗೆಲ್ಲ ಬಣ್ಣ ಮೆತ್ತಿಕೊಂಡು ಭಯಂಕರ ವೇಷ ಹಾಕಿ ಬೀದಿ ಬೀದಿ ಸುತ್ತಿ, ಕಾಯಿಲೆಬಿದ್ದ ಮಕ್ಕಳ ಚಿಕಿತ್ಸೆಗೆಂದು ಹಣ ಕೂಡಿಸುತ್ತಾರೆ. ತಮಗಲ್ಲ, ಪರರ ಮಕ್ಕಳಿಗೆ. ಕೂಡಿದ ಹಣವನ್ನು ಎಲ್ಲರೆದುರೇ ಆ ಮಕ್ಕಳ ಮನೆಯವರಿಗೆ ಒಪ್ಪಿಸುತ್ತಾರೆ, ಆದ್ದರಿಂದಲೇ ಮರುವರ್ಷವೂ ಜನ ಡಬ್ಬಿಗೆ ಹಾಕುತ್ತಾರೆ. ನಮ್ಮಲ್ಲಿ ಯಾರಿಗಾದರೂ ಕಷ್ಟ ಬಂದರೆ ಸಹಾಯಾರ್ಥವಾಗಿ ಯಕ್ಷಗಾನ ಆಡಿಸುವುದೂ ಇದೆ. ನಿಮ್ಮ ಕಡೆ ಏನು ರೂಢಿಯೋ ತಿಳಿಯದು, ಆದರೆ ತಮ್ಮನ ಜೊತೆ ಕೆಲಸ ಮಾಡುವವರು, ಊರಿನ ಸ್ತ್ರೀಶಕ್ತಿ ಸಂಘದವರು, ಅವನು ಓದಿದ ಐಟಿಐಯ ಹಳೆಯ ಗೆಳೆಯರು, ಇವರಲ್ಲಿ ಯಾರಾದರೂ ಒಬ್ಬರು ಮುಂದೆ ನಿಂತು ಕೇಳಿದರೆ ನೀವು ಅಕ್ಕನಾಗಿ ಆಸ್ಪತ್ರೆಯಲ್ಲಿ ಇರಬಹುದು. ರೋಗಿಯ ಮನೆಯವರೇ ಕೇಳಬೇಕೆಂದೇನೂ ಇಲ್ಲ.

ಅರಸೀಕೆರೆ ಅಕ್ಕ, ಆರು ದಿನಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಕಾರ್ಖಾನೆಯ ಮೇಲ್ವಿಚಾರಕರು ಬೀರು ತೆಗೆದು ಹುಡುಕಿ ವಿಮಾ ಸಂಖ್ಯೆ ಕೊಟ್ಟರು. ಹದಿನಾಲ್ಕು ತಿಂಗಳಿಂದ ತಮ್ಮನ ಸಂಬಳದಲ್ಲಿ ಇಎಸ್‌ಐ ಹಣ ಕಡಿತವಾಗುತ್ತಿದೆ. ಅವನಾಗಲಿ ನಾವಾಗಲಿ ಒಂದು ದಿನವೂ ಅದನ್ನು ಬಳಸಿರಲಿಲ್ಲ. ಮೂರು ದಿನ ಅಲೆದ ಮೇಲೆ ಒಪ್ಪಂದದ ಆಸ್ಪತ್ರೆಯೊಂದಕ್ಕೆ ಶಿಫಾರಸು ಪತ್ರ ಸಿಕ್ಕಿದೆ, ವೆಂಟಿಲೇಟರ್ ಹಾಸಿಗೆ ನಾಡಿದ್ದು ಕೊಡುವುದಾಗಿ ಹೇಳಿದ್ದಾರೆ. ಎರಡನೆಯ ಸುತ್ತಿನ ಔಷಧಿಯ ಬಗ್ಗೆ ಕೇಳಿದೆ. ಹಿರಿಯ ನರರೋಗ ತಜ್ಞರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಸದ್ಯಕ್ಕೆ ಬೇಡ, ಕಾಯೋಣ ಎಂದರು. ಪಹಣಿ ಅಪ್ಪನ ಹೆಸರಿನಲ್ಲೇ ಇದೆ, ತೋಟದ ಮಾತು ಅಲ್ಲಿಗೆ ನಿಂತಿತು.

ಈ ಆಸ್ಪತ್ರೆಗೆ ಬಿಡುಗಡೆಯ ಹೊತ್ತಿಗೆ ಆರು ಲಕ್ಷದ ಹತ್ತಿರ ಕಟ್ಟಬೇಕಾಗುತ್ತದೆ. ಅದಕ್ಕಾಗಿ ಕೇಳಲೇಬೇಕಾಯಿತು. ಸಂದೇಶವನ್ನು ತಮ್ಮನ ಐಟಿಐ ಗೆಳೆಯ ಬರೆದ. ಮೊತ್ತ, ದಿನಾಂಕ, ಆಸ್ಪತ್ರೆಯ ಖಾತೆಯ ಹೆಸರು ಎಲ್ಲವನ್ನೂ ಹಾಕಿದ್ದಾನೆ. ಫೋಟೋ ಅಮ್ಮನೇ ಆರಿಸಿಕೊಟ್ಟರು: ಕಳೆದ ಆಯುಧಪೂಜೆಯಂದು ಕುಂಕುಮ ಹಚ್ಚಿದ ಲೇತಿನ ಪಕ್ಕ ಹೊಸ ಅಂಗಿ ತೊಟ್ಟು ನಿಂತಿರುವುದು. ನೋಟ್‌ಬುಕ್ ನನ್ನ ಚೀಲದಲ್ಲಿದೆ. ಎಡ ಪುಟದ ಮೊದಲ ಸಾಲಿನಲ್ಲಿ ಕಾರ್ಖಾನೆಯ ಇಪ್ಪತ್ತಮೂರು ಜನ ಸೇರಿ ಕೊಟ್ಟ ₹18,400 ಬರೆದಿದ್ದೇನೆ. ಇಂದು ಬೆಳಿಗ್ಗೆ ತಮ್ಮ ಭುಜ ಕೊಂಚ ಎತ್ತಿದ.

ಒಂದು ಸಣ್ಣ ಸಂದೇಹ ಉಳಿದಿದೆ: ಇಎಸ್‌ಐ ಮರುಪಾವತಿಗೂ ಮುಖ್ಯಮಂತ್ರಿಗಳ ನಿಧಿಗೂ ಮೂಲ ಬಿಲ್ಲೇ ಬೇಕೆಂದರೆ, ಯಾವುದಕ್ಕೆ ಮೊದಲು ಕೊಡಬೇಕು?

ಉತ್ತರ 1ರವರು

ಮೊದಲು ಇಎಸ್‌ಐಗೆ ಕೊಡಿ, ಅದು ವಿಮೆದಾರನ ಹಕ್ಕು. ಕೊಡುವ ಮುನ್ನ ಪ್ರತಿಯೊಂದು ಹಾಳೆಯ ನಕಲು ಮಾಡಿಸಿ ಆಸ್ಪತ್ರೆಯಿಂದ ದೃಢೀಕರಿಸಿಕೊಳ್ಳಿ. ಅವರು ಮಂಜೂರು ಮಾಡಿದ ಮೊತ್ತದ ಆದೇಶ ಬಂದ ಮೇಲೆ, ಉಳಿದ ಮೊತ್ತವನ್ನು ತೋರಿಸಿ, ಮೂಲ ಬಿಲ್ಲು ಎಲ್ಲಿದೆ ಎಂಬುದನ್ನು ಮುಚ್ಚಿಡದೆ ಬರೆದು ಪರಿಹಾರ ನಿಧಿಗೆ ಅರ್ಜಿ ಹಾಕಿ. ಒಂದೇ ಬಿಲ್ಲಿಗೆ ಎರಡು ಕಡೆ ಪೂರ್ತಿ ಹಣ ಕೇಳಬೇಡಿ. ಆಂಬುಲೆನ್ಸಿನಲ್ಲಿ ನೀವೂ ಜೊತೆಗೆ ಹೋಗಿ. ಎಕ್ಸ್‌ರೇಗಳನ್ನೂ ನರಗಳ ಪರೀಕ್ಷೆಯ ವರದಿಯನ್ನೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.